ಅಂಗಡಿ ಗೋಡೆ ಚಕ್ಕೆ ಏಳುತ್ತಿದೆಯಾ? ಪುಟ್ಟಿ, ಹೊಸ ಗಾರೆ, ಪ್ಯಾನೆಲ್, ವಾಲ್‌ಪೇಪರ್: ಯಾವುದಕ್ಕೆ ದುಡ್ಡು ಹಾಕೋದು?

ಮೊದಲು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಮಲ್ಲೇಶ್ವರದಲ್ಲಿ ನನ್ನದೊಂದು ಪುಟ್ಟ ಮ್ಯಾಚಿಂಗ್ ಸೆಂಟರ್ ಇದೆ. ಹತ್ತಡಿಗೆ ಹದಿನಾಲ್ಕು ಅಡಿ. ಬ್ಲೌಸ್ ಪೀಸು, ಫಾಲ್ಸು, ಲೈನಿಂಗು, ಲೇಸು, ಅಷ್ಟೇ ವ್ಯಾಪಾರ. ಹಿಂದಿನ ಗೋಡೆಯ ಕೆಳಭಾಗ ಉಬ್ಬಿಕೊಂಡು ಚಕ್ಕೆ ಚಕ್ಕೆಯಾಗಿ ಬೀಳುತ್ತಿತ್ತು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು, ಗಿರಾಕಿಗಳ ಕಣ್ಣಿಗೆ ಬೀಳಬಾರದು ಅಂತ ಎರಡೇ ದಿನದಲ್ಲಿ ಅದರ ಮೇಲೆ ಪಿವಿಸಿ ಪ್ಯಾನೆಲ್ ಹೊಡೆಸಿಬಿಟ್ಟೆ. ಬಿಳಿ ಮಾರ್ಬಲ್ ಡಿಸೈನು. ನೋಡಿದವರೆಲ್ಲ ಚೆನ್ನಾಗಿದೆ ಅಂದರು, ನಾನೂ ಬೀಗಿದೆ. ಮುಂದಿನ ಮಳೆಗಾಲದ ಹೊತ್ತಿಗೆ ರ‍್ಯಾಕಿನ ಕೆಳಸಾಲಿನ ಟೂ ಬೈ ಟೂ ಬ್ಲೌಸ್ ಬಟ್ಟೆಯಿಂದ ಮುಗ್ಗಲು ವಾಸನೆ. ಗಿರಾಕಿಯೊಬ್ಬರು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಏನೂ ಹೇಳದೆ ವಾಪಸ್ ಇಟ್ಟು ಹೋದರು. ಅವತ್ತೇ ಸಂಜೆ ಪ್ಯಾನೆಲ್ ಬಿಚ್ಚಿಸಿದೆ. ಹಿಂದೆ ಗೋಡೆ ತುಂಬ ಕಪ್ಪು ಬೂಷ್ಟು. ಪ್ಯಾನೆಲ್ ಕೂರಿಸಲು ಹೊಡೆದಿದ್ದ ಮರದ ರೀಪರ್‌ಗೆ ಉಗುರು ಇಳಿಯುತ್ತಿತ್ತು. ಗಾರೆಯ ಮೇಲೆ ಬೆರಳು ಒತ್ತಿದರೆ ಹಳೇ ರವೆ ಉಂಡೆ ಥರ ಪುಡಿಪುಡಿಯಾಗಿ ಉದುರಿತು.

ಪ್ಯಾನೆಲ್‌ನದ್ದೇನೂ ತಪ್ಪಿರಲಿಲ್ಲ. ಪಕ್ಕದ ಕಟ್ಟಡದ ಬಚ್ಚಲ ಪೈಪ್ ಗೋಡೆಯ ಆಚೆ ಸೋರುತ್ತಿತ್ತು, ನಾನು ಈಚೆ ಮುಚ್ಚಿಟ್ಟಿದ್ದೆ. ಅದಕ್ಕೇ ಹೇಳೋದು, ಬಣ್ಣದ ಅಂಗಡಿಗೆ ಹೋಗಿ ಶೇಡ್ ಕಾರ್ಡ್ ತಿರುವಿ ಹಾಕುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ? ಆ ಅಂಗಡಿಯಲ್ಲಿ ನೀವು ಇನ್ನೆಷ್ಟು ವರ್ಷ ಇರುತ್ತೀರಿ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ನೀರು ಎಲ್ಲಿಂದ?

ಕಲೆ ಇರುವ ಜಾಗವೇ ಹೇಳುತ್ತದೆ. ನೆಲದಿಂದ ಶುರುವಾಗಿ ಮೂರು ನಾಲ್ಕು ಅಡಿಯವರೆಗೆ ಏರಿ, ಅಲ್ಲಿ ಅಲೆ ಅಲೆಯಾಗಿ ನಿಂತಿದ್ದರೆ ನೆಲದ ತೇವ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಇಟ್ಟಿಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಚಾವಣಿಯಿಂದ ಕೆಳಕ್ಕೆ ಇಳಿದಿದ್ದರೆ ಮೇಲಿನ ಮನೆಯ ಬಚ್ಚಲೋ ತಾರಸಿಯೋ ಸೋರುತ್ತಿದೆ. ಗೋಡೆ ಮಧ್ಯದಲ್ಲಿ ತಟ್ಟೆಯಗಲ ಕಲೆ ಇದ್ದು, ಏಪ್ರಿಲ್ ಬಿಸಿಲಿಗೂ ಒಣಗುತ್ತಿಲ್ಲ ಅಂದರೆ ಪೈಪಿನದೇ ಕೆಲಸ ಇರಬೇಕು. ಮಳೆ ಬಂದ ಮಾರನೇ ದಿನ ಮಾತ್ರ ಕಾಣಿಸಿಕೊಂಡು ಆಮೇಲೆ ಮಾಯವಾದರೆ ಹೊರಗೋಡೆಯ ಬಿರುಕು ನೋಡಿ.

ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಬದಿಗೆ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆಯ ಕಡೆಗಿರುವ ಬದಿಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯದ್ದು. ನಿಮ್ಮ ಕಡೆಗಿರುವ ಬದಿಯಲ್ಲಿ ಹನಿ ಇದ್ದರೆ ಅಂಗಡಿಯೊಳಗಿನ ಗಾಳಿಯದ್ದು, ಅದಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಸಾಕಾಗಬಹುದು.

ಗೋಡೆ ಮೇಲೆ ಬಿಳಿ ಹಿಟ್ಟಿನ ಥರ ಬರುತ್ತದಲ್ಲ, ಅದು ಉಪ್ಪು. ಇಟ್ಟಿಗೆಯಲ್ಲಿ, ನೆಲದಲ್ಲಿ ಇದ್ದ ಉಪ್ಪು ನೀರಿನ ಜೊತೆ ಕರಗಿ ಹೊರಬಂದು, ನೀರು ಆರಿದ ಮೇಲೆ ಅಲ್ಲೇ ಉಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮತ್ತೆ ಕರಗಿ ಒಳಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಗುಡಿಸಿ ಆಚೆ ಹಾಕಿ.

ನಮ್ಮ ಮೇಸ್ತ್ರಿ ಬಂದಾಗ ನನ್ನ ಹತ್ತಿರ ಒಂದು ಟೈಲರ್ ಚಾಕ್ ಕೇಳಿ ತೆಗೆದುಕೊಂಡರು. ಕರಣೆಯ ಹಿಡಿಯಿಂದ ಗೋಡೆ ಉದ್ದಕ್ಕೂ ತಟ್ಟುತ್ತಾ ಹೋದರು. ಗಾರೆ ಗಟ್ಟಿ ಇದ್ದಲ್ಲಿ ಟಕ್ ಟಕ್. ಬಿಟ್ಟುಕೊಂಡಿರುವ ಕಡೆ ಡಬ್ ಡಬ್. ಶಬ್ದ ಬದಲಾದಲ್ಲೆಲ್ಲ ಚಾಕ್‌ನಲ್ಲಿ ಗೆರೆ. ನಾನು ಬರೀ ಒಂದು ಮೂಲೆ ಅಂದುಕೊಂಡಿದ್ದೆ. ಗೆರೆ ಎಳೆದು ಮುಗಿಸುವ ಹೊತ್ತಿಗೆ ಅದು ಕ್ಯಾಶ್ ಟೇಬಲ್ ಹಿಂದಕ್ಕೂ ಹೋಗಿ, ಸ್ವಿಚ್ ಬೋರ್ಡ್ ಸುತ್ತು ಹಾಕಿಕೊಂಡು ಬಂದಿತ್ತು.

"ಅಕ್ಕಾ, ಈ ಗೆರೆಯಿಂದ ಒಂದಡಿ ಮೇಲಕ್ಕೂ ಕಿತ್ತುಬಿಡಬೇಕು. ಕಂಡಷ್ಟೇ ಕಿತ್ತರೆ ಮುಂದಿನ ವರ್ಷ ಅದರ ಮೇಲಿಂದ ಶುರುವಾಗುತ್ತೆ" ಅಂದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಪಕ್ಕದವರ ಪೈಪ್ ರಿಪೇರಿ ಆಗೋವರೆಗೂ ನನ್ನ ಕರೀಬೇಡಿ" ಅಂತ ಹೊರಟೇಬಿಟ್ಟರು. ಕೂಲಿ ಬಿಟ್ಟು ಹೋದ ಆ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ಬಿಟ್ಟಿಲ್ಲ. ಪಕ್ಕದವರನ್ನು ಒಪ್ಪಿಸಲು ಮೂರು ವಾರ ಹಿಡಿಯಿತು, ಅದು ಬೇರೆ ಕಥೆ.

ರಿಪೇರಿಗೆ ಯಾವುದು?

ಬರೀ ಪುಟ್ಟಿ ಹೊಡೆಸಿದರೆ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಗಾರೆ ಗಟ್ಟಿಯಿದ್ದು, ಮೇಲೆ ಮೊಳೆ ತೂತು, ಸಣ್ಣ ಗೀರು, ಬಣ್ಣ ಸಿಪ್ಪೆ ಎದ್ದದ್ದು ಇಷ್ಟೇ ಇದ್ದರೆ ಸಾಕು. ವೈಟ್ ಸಿಮೆಂಟಿನ ಪುಟ್ಟಿ ಎರಡು ಕೋಟ್ ಸೇರಿ ಒಂದೂವರೆ ಮಿಲಿಮೀಟರ್ ಆಸುಪಾಸು ಇರಬೇಕು. ಒಂದು ರೂಪಾಯಿ ನಾಣ್ಯದ ದಪ್ಪ ಅಂದುಕೊಳ್ಳಿ. ಅರ್ಧ ಇಂಚಿನ ಹಳ್ಳವನ್ನು ಪುಟ್ಟಿಯಲ್ಲೇ ತುಂಬುತ್ತೇನೆ ಅನ್ನುವ ಪೇಂಟರ್ ಸಿಕ್ಕರೆ ಟೀ ಕುಡಿಸಿ ಕಳಿಸಿಬಿಡಿ. ಹಳ್ಳಕ್ಕೆ ಗಾರೆಯೇ ಬೇಕು, ಪುಟ್ಟಿ ಅದರ ಮೇಲಿನ ನುಣುಪಿಗೆ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಪುಟ್ಟಿ ಇನ್ನೂ ನುಣುಪು, ಆದರೆ ತೇವ ತಡೆಯುವುದರಲ್ಲಿ ವೈಟ್ ಸಿಮೆಂಟಿನದ್ದೇ ವಾಸಿ.

ಗಾರೆ ಡಬ್ ಡಬ್ ಅಂದರೆ ಕಿತ್ತು ಹೊಸದಾಗಿ ಪ್ಲಾಸ್ಟರ್ ಮಾಡಿಸಲೇಬೇಕು, ಬೇರೆ ದಾರಿ ಇಲ್ಲ. ಈಗ ಬೆಂಗಳೂರಲ್ಲಿ ನದಿ ಮರಳಿನ ಬದಲು ಪ್ಲಾಸ್ಟರ್‌ಗೆ ಪಿ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ನುಣ್ಣನೆ ಮರಳು ಬಳಸುತ್ತಾರೆ. ಕಟ್ಟಡದ ಕೆಲಸದಲ್ಲಿ ಉಳಿದ, ಅದಕ್ಕಿಂತ ದಪ್ಪ ಕಾಳಿನ ಎಂ ಸ್ಯಾಂಡ್ ತಂದು ಕಲಸಿದರೆ ಗೋಡೆ ತರಿತರಿಯಾಗುತ್ತದೆ. ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಮಾನ್ಯ ಲೆಕ್ಕ, ತೇವ ಇರುವ ಕಡೆ ಒಂದಕ್ಕೆ ನಾಲ್ಕು, ಜೊತೆಗೆ ವಾಟರ್ ಪ್ರೂಫಿಂಗ್ ದ್ರಾವಣ. ಆಮೇಲೆ ಏಳು ದಿನ ನೀರು ಚಿಮುಕಿಸಬೇಕು. ಅದು ಆಗಿ ಪೂರ್ತಿ ಒಣಗಲು ಇನ್ನೂ ಮೂರು ವಾರ, ಒಟ್ಟು 28 ದಿನ. ಅಂಗಡಿಯವರಿಗೆ ಹೀಗೆ ಒಂದು ತಿಂಗಳು ಕಾಯುವುದೇ ತಲೆನೋವು. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟ್‌ನಿಂದ 18ಕ್ಕೆ ಇಳಿದಿದೆ, ನಿಜ. ಆದರೆ ನಮ್ಮಂಥ ಸಣ್ಣ ಕೆಲಸದಲ್ಲಿ ಎರಡು ಮೂಟೆ ಸಿಮೆಂಟ್ ಯಾವ ಲೆಕ್ಕ? ಕೂಲಿಯೇ ಜಾಸ್ತಿ.

ಒಂದು ತಿಂಗಳು ಕಾಯೋದಕ್ಕೆ ಆಗಲ್ಲ ಅನ್ನುವವರಿಗೆ ಜಿಪ್ಸಂ ಪ್ಲಾಸ್ಟರ್ ಇದೆ. ನೀರು ಚಿಮುಕಿಸುವುದು ಬೇಡ, ಕೆಲವೇ ದಿನಗಳಲ್ಲಿ ಬಣ್ಣಕ್ಕೆ ಸಿದ್ಧ, ಪುಟ್ಟಿಯೂ ಬೇಡ ಅನ್ನುವಷ್ಟು ನುಣುಪು. ಆದರೆ ನೀರು ತಾಗಿದರೆ ಮೆತ್ತಗಾಗುತ್ತದೆ. ಹಾಗಾಗಿ ನಾಲ್ಕಡಿ ಮೇಲೆ, ಒಣಗಿರುವ ಗೋಡೆಗೆ ಮಾತ್ರ. ನೆಲ ತೊಳೆಯುವ ಅಂಗಡಿಗಳಲ್ಲಂತೂ ಕೆಳಗಡೆ ಬೇಡವೇ ಬೇಡ.

ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆ ಕಡೆಯ ಹಳೇ ಕಟ್ಟಡದಲ್ಲಿ ಅಂಗಡಿ ಇರುವವರು ಇಲ್ಲಿ ಸ್ವಲ್ಪ ನಿಧಾನಿಸಿ. ನಿಮ್ಮ ಗೋಡೆಯ ಇಟ್ಟಿಗೆ ಮಧ್ಯೆ ಸಿಮೆಂಟ್ ಇಲ್ಲದೇ ಇರಬಹುದು. ಮಣ್ಣೋ ಸುಣ್ಣದ ಗಾರೆಯೋ ಇರುತ್ತದೆ. ಒಂದು ಕಡೆ ಕೆದಕಿ ನೋಡಿ, ಮೊಳೆಯಲ್ಲಿ ಕೆರೆದರೆ ಕೆಂಪಗೆ ಉದುರಿದರೆ ಮಣ್ಣು. ಅಂಥ ಗೋಡೆ ತೇವ ಹೀರಿ ತೇವ ಬಿಡುತ್ತಾ ಇಷ್ಟು ವರ್ಷ ನಿಂತಿದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ಬಂದ ನೀರಿಗೆ ಹೊರಗೆ ದಾರಿ ಇಲ್ಲ, ಇನ್ನೂ ಮೇಲಕ್ಕೆ ಏರುತ್ತದೆ, ಒಂದು ದಿನ ಪ್ಲಾಸ್ಟರ್ ಹಲಗೆ ಥರ ಇಡಿಯಾಗಿ ಕಳಚಿಕೊಳ್ಳುತ್ತದೆ. ಸುಣ್ಣದ ಗಾರೆಯೇ ಅದಕ್ಕೆ ಸರಿ. ಗೊತ್ತಿರುವ ಕೆಲಸದವರು ಸಿಗುವುದು ಕಷ್ಟ, ಟೈಮೂ ಜಾಸ್ತಿ ತಗೊಳ್ಳುತ್ತದೆ, ಆದರೂ ಹುಡುಕಿ.

ಬಿರುಕಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೂದಲೆಳೆಯಷ್ಟಿದ್ದರೆ ಕ್ರ್ಯಾಕ್ ಫಿಲ್ಲರ್ ಪೇಸ್ಟ್ ಸಾಕು. ಪಿಲ್ಲರ್ ಮತ್ತು ಗೋಡೆ ಸೇರುವಲ್ಲಿ ನೆಟ್ಟಗೆ ಬಂದಿದ್ದರೆ ಎರಡೂ ಕಡೆಗೆ ಆರಿಂಚು ಬರುವ ಹಾಗೆ ಚಿಕನ್ ಮೆಶ್ (ಕೋಳಿಗೂಡಿಗೆ ಹಾಕುವ ತಂತಿ ಬಲೆ) ಹೊಡೆದು ಗಾರೆ ಹಾಕಿಸಿ. ಬಾಗಿಲ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಕು ಬರೆದಿಡಿ. ಎರಡು ತಿಂಗಳಲ್ಲಿ ಗೆರೆ ದಾಟಿದರೆ ಪೇಂಟರ್ ಕೈಲಿ ಆಗುವ ಕೆಲಸವಲ್ಲ, ಇಂಜಿನಿಯರ್‌ಗೆ ತೋರಿಸಿ.

ಹಳೇ ಬಣ್ಣ ಕೆರೆಯುವಾಗ ಒಂದು ಎಚ್ಚರ. ಮನೆಗಳಿಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಪೇಂಟ್ (ಹೊಳೆಯುವ ಎಣ್ಣೆ ಬಣ್ಣ) ನಿಮ್ಮ ಗೋಡೆಯಲ್ಲಿದ್ದರೆ ಒಣಗಿದ್ದನ್ನು ಹಾಗೇ ಉಜ್ಜಿಸಬೇಡಿ. ನೀರು ಸಿಂಪಡಿಸಿ ಒದ್ದೆ ಮಾಡಿ ಉಜ್ಜಲಿ, ಮಾಸ್ಕ್ ಹಾಕಿಕೊಳ್ಳಲಿ, ಮಕ್ಕಳನ್ನು ಅವತ್ತು ಅಂಗಡಿಗೆ ಕರೆತರಬೇಡಿ. ಬೂಷ್ಟಿಗೂ ಇದೇ ಮಾತು. ಇನ್ನು ಗೋಡೆಗೆ ಅಂಗೈ ಉಜ್ಜಿ ನೋಡಿ. ಕೈಗೆ ಪುಡಿ ಮೆತ್ತಿದರೆ ಹಳೇ ಡಿಸ್ಟೆಂಪರ್ ಅಥವಾ ಸುಣ್ಣ. ಅದನ್ನು ಪೂರ್ತಿ ಕೆರೆಯದೆ ಮೇಲೆ ಎಷ್ಟೇ ದುಬಾರಿ ಎಮಲ್ಷನ್ (ಒರೆಸಬಹುದಾದ ಪ್ಲಾಸ್ಟಿಕ್ ಬಣ್ಣ) ಹೊಡೆದರೂ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ.

ಮೇಲೆ ಏನು ಹಾಕಿಸೋದು?

ಮೊದಲು ಅಳತೆ. ನನ್ನ ಅಂಗಡಿಯನ್ನೇ ತಗೊಳ್ಳಿ. ಸುತ್ತಳತೆ 48 ಅಡಿ, ಎತ್ತರ 10 ಅಡಿ, ಅಂದರೆ 480 ಚದರ ಅಡಿ. ಶಟರ್‌ನ 80 ಕಳೆದರೆ 400. ಇದರಲ್ಲಿ ನಿಜವಾಗಿ ಹಾಳಾಗುವುದು ಮೂರು ಗೋಡೆಗಳ ಕೆಳಗಿನ ನಾಲ್ಕಡಿ, ಅದು 152 ಚದರ ಅಡಿ. ಅದರಲ್ಲೂ ಗಿರಾಕಿ ನಿಂತು ನೋಡುವುದು ಕೌಂಟರ್ ಹಿಂದಿನ ಒಂದೇ ಗೋಡೆ. ಇಡೀ ಅಂಗಡಿಗೆ ಒಂದೇ ಥರದ ವಸ್ತು ಹಾಕಿಸಬೇಕು ಅಂತ ಯಾರು ಹೇಳಿದರು? ಕೆಳಗಿನ ನಾಲ್ಕಡಿಗೆ ಗಟ್ಟಿಯಾದದ್ದು, ಮೇಲೆ ಸಾದಾ ಬಣ್ಣ, ಚೆಂದಕ್ಕೆ ಒಂದೇ ಗೋಡೆ. ನನ್ನ ಲೆಕ್ಕ ಇಷ್ಟೇ.

ಬಣ್ಣದಲ್ಲಿ ಸುಣ್ಣ ಎಲ್ಲಕ್ಕಿಂತ ಅಗ್ಗ, ಗೋಡೆ ಉಸಿರಾಡುತ್ತದೆ, ಆದರೆ ಒರಗಿದವರ ಸೀರೆಗೆ ಅಂಟುತ್ತದೆ. ಗೋಡೌನ್‌ಗೆ ಸರಿ, ಬಟ್ಟೆ ಅಂಗಡಿಗೆ ಬೇಡ. ಡಿಸ್ಟೆಂಪರ್ ಒಂದೆರಡು ವರ್ಷಕ್ಕೆ ಅಂಗಡಿ ಬಿಡುವವರಿಗೆ, ಒರೆಸಲು ಹೋದರೆ ಬಣ್ಣವೂ ಬರುತ್ತದೆ. ಮೂರು ವರ್ಷಕ್ಕಿಂತ ಜಾಸ್ತಿ ಇರುತ್ತೀರಿ ಅಂದರೆ ಎಮಲ್ಷನ್ನೇ. ಪ್ರೈಮರ್ ಆದ ಮೇಲೆ ಲೀಟರ್‌ಗೆ ಎರಡು ಕೋಟ್ 100ರಿಂದ 120 ಚದರ ಅಡಿ ಅಂತ ಹಿಡಿದರೆ 400 ಚದರ ಅಡಿಗೆ ನಾಲ್ಕು ಲೀಟರ್ ಡಬ್ಬ ಒಂದು. ಪುಟ್ಟಿ 40 ಕೆಜಿ ಮೂಟೆ ಒಂದು. ಪೇಂಟರ್ ಇದರ ಎರಡರಷ್ಟು ಬರೆದುಕೊಟ್ಟರೆ ಯಾಕೆ ಅಂತ ಕೇಳಿ, ಸುಮ್ನೆ ತಲೆ ಆಡಿಸಬೇಡಿ. ಹೊಳೆಯುವ ಫಿನಿಶ್ ಬೇಕು ಅಂತ ಆಸೆ ಇರುತ್ತದೆ, ಗೊತ್ತು. ತೇಪೆ ಹಾಕಿದ ಗೋಡೆಗೆ ಅದು ಶತ್ರು. ಚಾವಣಿಯ ಎಲ್‌ಇಡಿ ಬೆಳಕು ಗೋಡೆ ಸವರಿಕೊಂಡು ಬಿದ್ದಾಗ ಪ್ರತಿ ಉಬ್ಬು ತಗ್ಗೂ ಎದ್ದು ಕಾಣುತ್ತದೆ. ಮ್ಯಾಟ್ ಫಿನಿಶ್ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ. ಟೆಕ್ಸ್ಚರ್ ಇನ್ನೂ ಚೆನ್ನಾಗಿ ಮುಚ್ಚುತ್ತದೆ, ಆದರೆ ಧೂಳು ಕೂರುತ್ತದೆ, ಮುಂದೆ ಬೇಡ ಅನಿಸಿದಾಗ ಕೆರೆಯುವ ಕೂಲಿ ಹೊಡೆಸಿದ್ದಕ್ಕಿಂತ ಜಾಸ್ತಿಯಾಗುತ್ತದೆ.

ಗೋಡೆ ಒಣಗಿದೆ ಅಂತ ಖಾತ್ರಿಯಾದ ಮೇಲೆ ಪಿವಿಸಿ ಪ್ಯಾನೆಲ್ ಒಳ್ಳೆಯದೇ. ಬೇಗ ಮುಗಿಯುತ್ತದೆ, ಒರೆಸಬಹುದು, ಅಂಗಡಿ ಬಿಡುವಾಗ ಬಿಚ್ಚಿಕೊಂಡೂ ಹೋಗಬಹುದು. ರೀಪರ್ ಮರದ್ದು ಬೇಡ, ಅಲ್ಯೂಮಿನಿಯಂ ಅಥವಾ ಪಿವಿಸಿ ಪಟ್ಟಿ ಹೊಡೆಸಿ. ಮೇಲೆ ಕೆಳಗೆ ಒಂದೊಂದು ಬೆರಳು ಜಾಗ ಬಿಡಿಸಿ, ಹಿಂದೆ ಗಾಳಿ ಆಡಲಿ. ಸ್ವಿಚ್ ಬೋರ್ಡ್, ಹಳೇ ವೈರಿಂಗ್ ಮಾತ್ರ ಅದರ ಹಿಂದೆ ಹುದುಗಿಸಬೇಡಿ. ಪಿವಿಸಿಗೆ ಬೆಂಕಿ ತಗುಲಿದರೆ ಬರುವ ಹೊಗೆ ಸಣ್ಣ ಅಂಗಡಿಯಲ್ಲಿ ಉಸಿರುಗಟ್ಟಿಸುತ್ತದೆ. ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ನೋಡಲು ಚೆಂದ, ನೀರು ಕಂಡರೆ ಬನ್ನಿನ ಥರ ಊದಿಕೊಳ್ಳುತ್ತದೆ. ಮರದ್ದೇ ಬೇಕು ಅಂದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋಗಿ ಪ್ಲೈವುಡ್ ನೋಡಿ. ಹಲಗೆ ಮೇಲೆ ಐಎಸ್ 710 ಅಂತ ಅಚ್ಚು ಇದ್ದರೆ ಮೆರೈನ್ ದರ್ಜೆ, ನೀರು ತಡೆಯುತ್ತದೆ. ಬರೀ ಎಂಆರ್ (ಸ್ವಲ್ಪ ತೇವ ಮಾತ್ರ ತಡೆಯುವಂಥದ್ದು) ಅಂತಿದ್ದರೆ ಕೆಳಗಿನ ನಾಲ್ಕಡಿಗೆ ಹಾಕಿಸಬೇಡಿ.

ಜಿಪ್ಸಂ ಬೋರ್ಡ್ ಹೊಡೆಸಿದರೆ ಸೊಟ್ಟ ಗೋಡೆ ನೆಟ್ಟಗಾಗುತ್ತದೆ. ಆದರೆ ಅದನ್ನು ಕೂರಿಸುವ ಲೋಹದ ಚಾನೆಲ್ ಸೇರಿ ಪ್ರತಿ ಕಡೆ ಎರಡರಿಂದ ಮೂರಿಂಚು ತಿನ್ನುತ್ತದೆ. ಹತ್ತಡಿ ಅಗಲದ ಅಂಗಡಿಯಲ್ಲಿ ಐದಾರು ಇಂಚು ಕಳೆದುಕೊಂಡರೆ ಎದುರುಬದುರು ಗೋಡೆ ನೋಡುತ್ತ ನಿಂತ ಇಬ್ಬರು ಗಿರಾಕಿಗಳು ಬೆನ್ನು ತಾಗಿಸಿಕೊಳ್ಳುತ್ತಾರೆ. ಭಾರದ ರ‍್ಯಾಕನ್ನು ಆ ಬೋರ್ಡಿಗೇ ತಗುಲಿಸುವ ಹಾಗೂ ಇಲ್ಲ, ಸ್ಕ್ರೂ ಹಿಂದಿನ ಗೋಡೆ ಮುಟ್ಟಬೇಕು.

ವಾಲ್‌ಪೇಪರ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಕ್ಯಾಶ್ ಟೇಬಲ್ ಹಿಂದಿನ ಗೋಡೆಗೆ ಅದನ್ನೇ ಹಾಕಿಸಿದ್ದೇನೆ. ಸಾಮಾನ್ಯ ರೋಲ್ ಇಪ್ಪತ್ತೊಂದು ಇಂಚು ಅಗಲ, 33 ಅಡಿ ಉದ್ದ, 57 ಚದರ ಅಡಿ. ಹತ್ತಡಿ ಎತ್ತರಕ್ಕೆ ಒಂದು ರೋಲಿನಲ್ಲಿ ಮೂರು ಪಟ್ಟಿ. ಹತ್ತಡಿ ಅಗಲದ ಗೋಡೆಗೆ ಆರು ಪಟ್ಟಿ, ಅಂದರೆ ಎರಡು ರೋಲ್. ಇಷ್ಟು ಸರಿಹೋಗುವುದು ಡಿಸೈನ್ ಸಣ್ಣದಿದ್ದರೆ ಮಾತ್ರ. ದೊಡ್ಡ ಹೂವಿನ ಡಿಸೈನ್ ಆದರೆ ಹೂವಿಗೆ ಹೂವು ಕೂಡಿಸಲು ಕತ್ತರಿಸಿ ಬಿಸಾಕಬೇಕಾಗುತ್ತದೆ, ಮೂರನೇ ರೋಲ್ ಬೇಕೇ ಬೇಕು. ಸೀರೆಗೆ ಬಾರ್ಡರ್ ಕೂಡಿಸಿದ ಹಾಗೇ ಅಲ್ವಾ? ತೇವದ ಗೋಡೆಗೆ ಮಾತ್ರ ತಿರುಗಿಯೂ ನೋಡಬೇಡಿ.

ಇದಕ್ಕೆಲ್ಲ ಬದಲು ಒಂದು ಗೋಡೆಗೆ ಕೈಯಲ್ಲೇ ಚಿತ್ರ ಬರೆಸಬಹುದು. ಮಲೆನಾಡಿನ ಹಸೆ ಚಿತ್ತಾರದ ಕೆಂಪು ನೆಲ, ಬಿಳಿ ಗೆರೆ ಸಣ್ಣ ಅಂಗಡಿಗೆ ಬಲು ಚೆನ್ನಾಗಿ ಒಪ್ಪುತ್ತದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದರೆ ಬರೆಯುವವರು ಅಲ್ಲೇ ಮಾತಿಗೆ ಸಿಗುತ್ತಾರೆ.

ನಿಮ್ಮ ವ್ಯಾಪಾರ ಏನು?

ಬೇಕರಿ, ಕಾಂಡಿಮೆಂಟ್ಸ್, ದರ್ಶಿನಿ ನಡೆಸುವವರಿಗೆ ಜಾಸ್ತಿ ಯೋಚನೆ ಬೇಡ. ಎಣ್ಣೆ ಜಿಡ್ಡಿಗೆ ಟೈಲ್ಸೇ ಮದ್ದು. ಆಹಾರ ಮಾರುವ ಕಡೆ ಗೋಡೆ ನುಣುಪಾಗಿರಬೇಕು, ಬಣ್ಣ ಗಾರೆ ಚಕ್ಕೆ ಏಳಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮವೇ ಹೇಳುತ್ತದೆ. ಆದರೆ ನೆಲದ ತೇವ ಇರುವ ಗೋಡೆಗೆ ನಾಲ್ಕಡಿ ಟೈಲ್ಸ್ ಅಂಟಿಸಿದರೆ ನೀರು ಟೈಲ್ಸಿನ ಹಿಂದೆಯೇ ಏರಿ ಐದನೇ ಅಡಿಯಲ್ಲಿ ಇಣುಕುತ್ತದೆ. ಮೊಬೈಲ್ ಅಂಗಡಿಯವರು ಕವರ್, ಚಾರ್ಜರ್ ನೇತುಹಾಕಲು ಹೇಗೂ ಗೋಡೆ ತುಂಬ ಹುಕ್ ಬೋರ್ಡ್ ಹಾಕಿಸುತ್ತೀರಿ, ಹಿಂದಿನ ಗೋಡೆಯ ಚೆಂದಕ್ಕೆ ಖರ್ಚು ಮಾಡಬೇಡಿ.

ಬಟ್ಟೆ ಅಂಗಡಿಯವರಿಗೆ ಮಾತ್ರ ನಾನು ಕೈಮುಗಿದು ಹೇಳುವುದು, ಗೋಡೆಗೆ ಗಾಢ ಬಣ್ಣ ಬೇಡ, ತಿಳಿ ಬಣ್ಣವೂ ಬೇಡ. ಮೊದಲ ವರ್ಷ ನನ್ನ ಗೋಡೆ ತಿಳಿ ಗುಲಾಬಿ ಇತ್ತು. ಆ ಗುಲಾಬಿ ಬೆಳಕು ಬಟ್ಟೆ ಮೇಲೆ ಬಿದ್ದು, ಆನಂದ ಬಣ್ಣದ ಸೀರೆಗೆ ನಾನು ಕೊಟ್ಟ ಬ್ಲೌಸ್ ಪೀಸು ಅಂಗಡಿಯಲ್ಲಿ ಸರಿಯಾಗಿ ಕೂರುತ್ತಿತ್ತು, ಮನೆಗೆ ಹೋದರೆ ಬೇರೆ! ದಿನಕ್ಕೆ ಮೂರು ಜನ ವಾಪಸ್ ಬರುತ್ತಿದ್ದರು. ಎಲ್ಲರೂ "ಸ್ವಲ್ಪ ಹೊರಗೆ ಬಿಸಿಲಿಗೆ ಹಿಡಿದು ನೋಡ್ತೀನಿ ರೀ" ಅನ್ನುವುದು ಸುಮ್ನೆ ಅಲ್ಲ. ಈಗ ವಾಲ್‌ಪೇಪರ್ ಇರುವ ಗೋಡೆ ಬಿಟ್ಟು ಉಳಿದದ್ದೆಲ್ಲ ಹಾಲಿನ ಬಿಳಿ, ಮ್ಯಾಟ್.

ಯಾವಾಗ, ಯಾರ ದುಡ್ಡಿನಲ್ಲಿ?

ಬಟ್ಟೆ ವ್ಯಾಪಾರಕ್ಕೆ ಬಿಡುವು ಆಷಾಢದಲ್ಲಿ. ಆದರೆ ಆಗ ಮಳೆ, ಗೋಡೆ ಒಣಗುವುದೇ ಇಲ್ಲ. ಬೆಂಗಳೂರಿನ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಜೋರು, ನವೆಂಬರ್‌ನಲ್ಲೂ ನಂಬುವ ಹಾಗಿಲ್ಲ. ನನಗೆ ಸರಿಹೋದದ್ದು ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮದುವೆ ಇರುವುದಿಲ್ಲ, ಗಿರಾಕಿ ಕಡಿಮೆ, ಮಳೆಯೂ ನಿಂತಿರುತ್ತದೆ. ಆಗ ಕಿತ್ತು ಗಾರೆ ಹಾಕಿಸಿ, ಒಂದೊಂದಾಗಿ ರ‍್ಯಾಕ್ ಮುಂದೆ ಎಳೆದುಕೊಂಡು ಅಂಗಡಿ ನಡೆಸಿದೆ. ಬಣ್ಣ ಹೊಡೆಸಿದ್ದು ಜನವರಿ ಕೊನೆಗೆ.

ಬಾಡಿಗೆ ಅಂಗಡಿ ಆದರೆ ಹನ್ನೊಂದು ತಿಂಗಳ ಅಗ್ರಿಮೆಂಟನ್ನು ಮತ್ತೊಮ್ಮೆ ಓದಿ. ಸೋರಿಕೆ, ಪೈಪು, ಗಾರೆ ಓನರ್ ಜವಾಬ್ದಾರಿ ಅಂತಲೂ, ಬಣ್ಣ ಅಲಂಕಾರ ನಿಮ್ಮದು ಅಂತಲೂ ಬರೆಸಿಕೊಳ್ಳುವುದು ಒಳ್ಳೆಯದು. ಬಾಯಿ ಮಾತು ಬೇಡ, ಖಾಲಿ ಮಾಡುವಾಗ ಬಣ್ಣದ ಖರ್ಚು ಅಂತ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಕೆಲಸ ಶುರುವಾಗುವ ಮೊದಲು, ಆದ ಮೇಲೆ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಡಿ. ಒಂದೇ ವರ್ಷ ಇರುವುದಾದರೆ ಬಿಚ್ಚಿಕೊಂಡು ಹೋಗುವಂಥದ್ದಕ್ಕೆ ಮಾತ್ರ ದುಡ್ಡು ಹಾಕಿ. ಗಾರೆ ಬಿಚ್ಚಿಕೊಂಡು ಹೋಗಲು ಬರುವುದಿಲ್ಲ.

ಮೇಸ್ತ್ರಿ ಜೊತೆ ಲೇಬರ್ ಮಾತ್ರವೋ, ಮೆಟೀರಿಯಲ್ ಸೇರಿಯೋ ಅಂತ ಮೊದಲೇ ಮಾತಾಡಿ. ಕಿತ್ತ ಗಾರೆಯನ್ನು ಯಾರು ಎತ್ತಿಸುತ್ತಾರೆ ಅನ್ನುವುದನ್ನೂ ಕೇಳಿ. ನಾನು ಕೇಳಿರಲಿಲ್ಲ, ಹದಿನೆಂಟು ಚೀಲ ಅಂಗಡಿ ಮುಂದೆ ಎರಡು ದಿನ ಕೂತಿದ್ದವು. ಗೋಡೆ ಬಿಚ್ಚಿದಾಗಲೇ ವೈರಿಂಗ್ ಪೈಪ್, ಒಂದೆರಡು ಪ್ಲಗ್ ಪಾಯಿಂಟ್ ಜಾಸ್ತಿ ಹಾಕಿಸಿಕೊಳ್ಳಿ.

ಎಲ್ಲ ಮುಗಿದು ರ‍್ಯಾಕ್ ವಾಪಸ್ ಇಡುವಾಗ ಗೋಡೆಗೆ ಒತ್ತಿ ಇಡಬೇಡಿ, ಮೂರು ಬೆರಳು ಜಾಗ ಬಿಡಿ. ಬಣ್ಣದ ಡಬ್ಬದ ಮೇಲಿನ ಶೇಡ್ ನಂಬರ್ ಬರೆದಿಟ್ಟುಕೊಳ್ಳಿ, ಉಳಿದ ಬಣ್ಣವನ್ನು ಒಂದು ಬಾಟಲಿಗೆ ಸುರಿದು ಮುಚ್ಚಿಡಿ. ನನ್ನ ಶೇಡ್ ನಂಬರ್ ಬಿಲ್ ಬುಕ್ಕಿನ ಹಿಂದಿನ ರಟ್ಟಿನ ಮೇಲಿದೆ, ಪಕ್ಕದಲ್ಲೇ ಪಕ್ಕದ ಕಟ್ಟಡದ ಪ್ಲಂಬರ್ ಫೋನ್ ನಂಬರೂ ಇದೆ.